ಸೊಟ್ಟ ಶಿಖರದ ಚರ್ಚ್

ಒದ್ದೆ ಬಟ್ಟೆಯನ್ನು ಹಿಂಡಿ ಹಾಗೇ ಆಕಾಶಕ್ಕೆ ನಿಲ್ಲಿಸಿದರೆ ಹೇಗಿರುತ್ತದೆ? ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಚೆಸ್ಟರ್‌ಫೀಲ್ಡ್ ಎಂಬ ಊರಿನ ಚರ್ಚಿನ ಶಿಖರ ಹಾಗಿದೆ. ನೆಲದಿಂದ ತುದಿಗೆ 228 ಅಡಿ. ಬುಡದಿಂದ ಮೇಲೇರುತ್ತಾ 45 ಡಿಗ್ರಿ ತಿರುಚಿಕೊಂಡಿದೆ. ತುದಿಯಂತೂ ಇರಬೇಕಾದ ಜಾಗದಿಂದ 9 ಅಡಿ 6 ಇಂಚು ಆಚೆಗಿದೆ.

ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಎಂಬುದು ಚರ್ಚಿನ ಹೆಸರು. ಕಟ್ಟಡದ ಬಹುಪಾಲು 14ನೇ ಶತಮಾನದ್ದು, ಶಿಖರ ಸುಮಾರು 1362ರದ್ದು. ಕಟ್ಟಿದಾಗ ಕ್ಯಾಥೊಲಿಕ್ ಚರ್ಚ್. 16ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಪೋಪನ ಜೊತೆ ಸಂಬಂಧ ಕಡಿದುಕೊಂಡ ಮೇಲೆ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನದೇ ಪಂಥದ ಚರ್ಚ್, ಆಯಿತು.

ಸೊಟ್ಟಗಾದದ್ದು ಯಾಕೆ? ಗಂಡಿನ ಸಂಗ ಮಾಡದ ಹುಡುಗಿಯೊಬ್ಬಳು ಇಲ್ಲಿ ಮದುವೆಯಾಗಲು ಬಂದಳಂತೆ, ಶಿಖರ ಬೆರಗಾಗಿ ತಿರುಗಿ ನೋಡಿತಂತೆ. ಅಂಥ ಇನ್ನೊಬ್ಬಳು ಬಂದ ದಿನ ನೆಟ್ಟಗಾಗುತ್ತದಂತೆ! ಆ ಊರಿನ ಹೆಂಗಸರಿಗೆ ಈ ಜೋಕು ಕೇಳಿ ಕೇಳಿ ಎಷ್ಟು ಸಾಕಾಗಿರಬೇಡ.

ನಿಜವಾದ ಕಾರಣ ಹುಡುಕಿದರೆ ಮೊದಲು ಸಿಕ್ಕಿಬೀಳುವುದು ಹಸಿ ಮರ. ಶಿಖರದ ಒಳಗಿನ ಹಂದರ ಓಕ್ ಮರದ್ದು. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಅಗಲದಲ್ಲಿ ಜಾಸ್ತಿ. ಅದಕ್ಕೇ ತೊಲೆ ತಿರುಚಿಕೊಳ್ಳುವುದು. ಹಾಗಂತ ಮರವನ್ನೊಂದೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಆಗಿನ ಬಡಗಿಗಳು ಓಕನ್ನು ಬೇಕೆಂದೇ ಹಸಿಯಾಗಿ ಬಳಸುತ್ತಿದ್ದರು. ಒಣಗಿದರೆ ಅದು ಉಳಿಗೆ ಬಗ್ಗದಷ್ಟು ಗಟ್ಟಿ. ಹಸಿ ಓಕಿನಲ್ಲೇ ಕಟ್ಟಿದ ಎಷ್ಟೋ ಛಾವಣಿಗಳು ಇವತ್ತಿಗೂ ನೆಟ್ಟಗಿವೆ.

ಎರಡನೆಯದು ಸೀಸ. ಈ ಹಂದರದ ಮೇಲೆ ಸುಮಾರು 33 ಟನ್ ಸೀಸದ ಹೊದಿಕೆ ಇದೆ. ಹಾಳೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ್ದಾರೆ. ಒಂದು ಮೀಟರ್ ಉದ್ದದ ಸೀಸದ ಹಾಳೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇನಾ ಅನ್ನಬೇಡಿ. ಅಲ್ಲಿ ಬಿಸಿಲು ಬೀಳುವುದು ಮುಖ್ಯವಾಗಿ ದಕ್ಷಿಣದ ಮಗ್ಗುಲಿಗೆ. ಒಂದು ಕಡೆ ಹಿಗ್ಗಿ ಕುಗ್ಗುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ. ಹೀಗೆ ನೂರಾರು ಬೇಸಿಗೆ! ಸಾಲದ್ದಕ್ಕೆ ಸೀಸ ಮೆತ್ತನೆಯ ಲೋಹ. 327 ಡಿಗ್ರಿಗೇ ಕರಗುವ ಅದು, ಮಾಮೂಲಿ ಹವೆಯಲ್ಲೂ ತನ್ನ ಭಾರಕ್ಕೇ ಇಷ್ಟಿಷ್ಟೇ ಜಾರುತ್ತಿರುತ್ತದೆ.

ನನ್ನ ಪ್ರಕಾರ ದೊಡ್ಡ ತಪ್ಪು ಇರುವುದು ಮೂರನೆಯದರಲ್ಲಿ. ಮನೆಯಲ್ಲಿ ಹಳೇ ಮರದ ಬೆಂಚು ಲೊಡಲೊಡ ಅಲ್ಲಾಡಿದರೆ ಬಡಗಿ ಏನು ಮಾಡುತ್ತಾನೆ? ಕಾಲಿನಿಂದ ಕಾಲಿಗೆ ಓರೆಯಾಗಿ ಒಂದು ಪಟ್ಟಿ ಹೊಡೆಯುತ್ತಾನೆ, ಅಲ್ವಾ? ನಾಲ್ಕು ಕಡ್ಡಿ ಕಟ್ಟಿ ಚೌಕ ಮಾಡಿ ನೋಡಿ. ಬೆರಳಲ್ಲಿ ತಳ್ಳಿದರೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಐದನೇ ಕಡ್ಡಿ ಕಟ್ಟಿ. ಈಗ ಅದು ಎರಡು ತ್ರಿಕೋನ, ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಚೆಸ್ಟರ್‌ಫೀಲ್ಡ್ ಶಿಖರದಲ್ಲಿ ಇಂಥ ಓರೆಪಟ್ಟಿಗಳು ಸಾಕಷ್ಟಿಲ್ಲ. ಮರ ತಿರುಚಿದಾಗ, ಸೀಸ ಎಳೆದಾಗ, ತಡೆದು ಹಿಡಿಯುವವರೇ ಇರಲಿಲ್ಲ.

ಇಷ್ಟು ಸಾಮಾನ್ಯ ವಿಷಯ ಆ ಬಡಗಿಗಳಿಗೆ ಗೊತ್ತಿರಲಿಲ್ಲವೇ? ಒಂದು ಊಹೆಯಿದೆ. 1348-49ರಲ್ಲಿ ಪ್ಲೇಗ್ ಇಂಗ್ಲೆಂಡಿನಲ್ಲಿ ಲಕ್ಷಾಂತರ ಜನರನ್ನು ಕೊಂದಿತ್ತು. ಪಳಗಿದ ಕೈಗಳು ಹೋಗಿ, ಅರೆಬರೆ ಕಲಿತವರು ಕೆಲಸಕ್ಕೆ ನಿಂತಿರಬಹುದು. ಸಾಬೀತಾದ ಮಾತಲ್ಲ, ಆದರೆ ಕಾಲ ತಾಳೆಯಾಗುತ್ತದೆ.

1961ರ ಡಿಸೆಂಬರ್ 22ರಂದು ಚರ್ಚಿಗೆ ಬೆಂಕಿ ಬಿತ್ತು. ಉತ್ತರದ ಭಾಗ ಸುಟ್ಟಿತು, 18ನೇ ಶತಮಾನದ ಆರ್ಗನ್ ವಾದ್ಯ ಹಾಳಾಯಿತು. ಬೆಂಕಿ ಶಿಖರಕ್ಕೂ ಹಬ್ಬಿದ್ದರೆ ಆರು ಶತಮಾನ ಒಣಗಿದ ಓಕ್ ಸೌದೆಯಾಗುತ್ತಿತ್ತು, ಸೀಸ ನೀರಾಗಿ ಕೆಳಗಿನವರ ಮೇಲೆ ಸುರಿಯುತ್ತಿತ್ತು. ಅಷ್ಟರಲ್ಲಿ ಬೆಂಕಿ ಆರಿತು. ಶಿಖರ ಸೊಟ್ಟಗೇ ಉಳಿಯಿತು.