ಪದ ಪರಿಚಯ: ವ್ಯಕ್ತಿ ಟಿಪ್ಪಣಿ

ಹಳೆಯ ಡೈರಿಯೊಂದನ್ನು ಅಚ್ಚಿಗೆ ತರುವಾಗ, ಅದರಲ್ಲಿ ಬಂದುಹೋಗುವ ಜನ ಯಾರ್ಯಾರು ಎಂದು ಹುಡುಕಿ ಪುಟದ ಅಡಿಯಲ್ಲೋ ಪುಸ್ತಕದ ಕೊನೆಯಲ್ಲೋ ನಾಲ್ಕು ಸಾಲು ಬರೆಯುತ್ತಾರೆ. ಅದೇ ವ್ಯಕ್ತಿ ಟಿಪ್ಪಣಿ. ರಾಜರು, ಮಂತ್ರಿಗಳು, ಹೆಸರಾಂತ ಕವಿಗಳ ಬಗ್ಗೆ ಇದನ್ನು ಬರೆಯುವುದು ಸುಲಭ. ಕಷ್ಟ ಶುರುವಾಗುವುದು ಉಳಿದವರ ವಿಷಯದಲ್ಲಿ. ಪಕ್ಕದ ಮನೆಯಾಕೆ, ಸಾಲ ಕೇಳಲು ಬಂದವನು, ಬಟ್ಟೆ ಅಂಗಡಿಯ ಹುಡುಗಿ, ಎರಡು ತಿಂಗಳು ಇದ್ದು ಬಿಟ್ಟುಹೋದ ಅಡುಗೆಯವಳು. ಡೈರಿಯ ತುಂಬ ಇರುವವರು ಇವರೇ ಅಲ್ವಾ?

ಬರೆದವರಿಗೆ ಇವರೆಲ್ಲ ಗೊತ್ತಿದ್ದವರು. ಹಾಗಾಗಿ ಪೂರ್ತಿ ಹೆಸರು ಬರೆಯುವ ಅಗತ್ಯವೇ ಅವರಿಗೆ ಇರಲಿಲ್ಲ. ನಮ್ಮ ಮದುವೆ ಮನೆಗಳ ಮುಯ್ಯಿ ಪುಸ್ತಕ ತೆಗೆದು ನೋಡಿ. ‘ಹೋಟೆಲ್ ರಾಮಣ್ಣ, 51’, ‘ತುಮಕೂರು ಅತ್ತೆ, 101’ ಎಂದಿರುತ್ತದೆ. ಬರೆದವರು ಇರುವವರೆಗೆ ಅಷ್ಟು ಸಾಕು. ಮೊಮ್ಮಕ್ಕಳ ಕಾಲಕ್ಕೆ ಆ ಅತ್ತೆ ಯಾರ ಅತ್ತೆ ಎಂದು ಹೇಳುವವರು ಇರುವುದಿಲ್ಲ.

ಈ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಲು ಸ್ಯಾಮ್ಯುಯೆಲ್ ಪೀಪ್ಸ್‌ನ ಡೈರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಪೀಪ್ಸ್ ಲಂಡನ್ನಿನವನು, ಇಂಗ್ಲೆಂಡಿನ ನೌಕಾಪಡೆಯ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. 1660ರ ಜನವರಿ 1ರಂದು ಡೈರಿ ಶುರು ಮಾಡಿ 1669ರ ಮೇ 31ರವರೆಗೆ ಬರೆದ. 12 ಲಕ್ಷಕ್ಕೂ ಹೆಚ್ಚು ಪದಗಳಿವೆ. ಪ್ಲೇಗು, ಲಂಡನ್ನಿನ ಮಹಾ ಬೆಂಕಿ, ಡಚ್ಚರ ಜೊತೆಗಿನ ಯುದ್ಧ ಎಲ್ಲವೂ ಇವೆ. ಅದರ ಜೊತೆಗೇ ಊಟ, ನಾಟಕ, ಹೆಂಡತಿ ಜೊತೆ ಜಗಳ, ಕಚೇರಿಯ ಹೊಟ್ಟೆಕಿಚ್ಚು, ತನ್ನ ಲಂಪಟತನ. ಇಡೀ ಡೈರಿ ಶಾರ್ಟ್‌ಹ್ಯಾಂಡ್‌ನಲ್ಲಿದೆ. ಥಾಮಸ್ ಶೆಲ್ಟನ್ ಎಂಬಾತ ರೂಪಿಸಿದ ಪದ್ಧತಿ ಅದು. 1819ರಿಂದ ಮೂರು ವರ್ಷ ಕೂತು ಅದನ್ನು ಬಿಡಿಸಿದ ಜಾನ್ ಸ್ಮಿತ್‌ಗೆ ಒಂದು ಸಂಗತಿ ಗೊತ್ತಿರಲಿಲ್ಲ. ಆ ಶಾರ್ಟ್‌ಹ್ಯಾಂಡ್ ಕಲಿಸುವ ಪುಸ್ತಕ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿ, ಪೀಪ್ಸ್‌ನದೇ ಗ್ರಂಥಾಲಯದ ಕಪಾಟಿನಲ್ಲಿತ್ತು. ಪಾಪ.

ಟಿಪ್ಪಣಿ ಬರೆಯುವವರಿಗೆ ಮಾತ್ರ ಒಂದು ಅನುಕೂಲವಾಯಿತು. ಜನರ ಹೆಸರು, ಊರಿನ ಹೆಸರುಗಳನ್ನು ಪೀಪ್ಸ್ ಹೆಚ್ಚಾಗಿ ಮಾಮೂಲಿ ಅಕ್ಷರದಲ್ಲೇ ಬರೆಯುತ್ತಿದ್ದ. ಹೆಸರು ಓದಬಹುದು. ಆದರೆ ಓದಿದ ಹೆಸರು ಯಾರದು?

ಮೊದಲು ಕಲಿಯಬೇಕಾದದ್ದು ಬರೆದವನ ರೂಢಿ. ಪೀಪ್ಸ್ ‘ನಮ್ಮ ಲಾರ್ಡ್’ ಎಂದರೆ ಅದು ಎಡ್ವರ್ಡ್ ಮಾಂಟಗು, ಪೀಪ್ಸ್‌ನ ದೂರದ ಸಂಬಂಧಿ, ಅವನಿಗೆ ಕೆಲಸ ಕೊಡಿಸಿದ ದೊಡ್ಡ ಮನುಷ್ಯ. ಇದೇ ಮಾಂಟಗುಗೆ 1660ರ ಜುಲೈಯಲ್ಲಿ ‘ಸ್ಯಾಂಡ್‌ವಿಚ್‌ನ ಅರ್ಲ್’ ಎಂಬ ಪದವಿ ಸಿಕ್ಕಿತು. ಹಾಗಾಗಿ ಬೇರೆ ದಾಖಲೆಗಳಲ್ಲಿ ಅವನನ್ನು ಹುಡುಕುವವರು ಎರಡೂ ಹೆಸರಲ್ಲಿ ಹುಡುಕಬೇಕು. ‘ಇಬ್ಬರು ಸರ್ ವಿಲಿಯಂಗಳು’ ಎಂದರೆ ಕಚೇರಿಯ ಸಹೋದ್ಯೋಗಿಗಳಾದ ವಿಲಿಯಂ ಬ್ಯಾಟನ್ ಮತ್ತು ವಿಲಿಯಂ ಪೆನ್. ಈ ಪೆನ್‌ನ ಮಗನೇ ಮುಂದೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯ ಕಟ್ಟಿದ್ದು. ಡೈರಿಯ ಮೊದಲ ವರ್ಷಗಳಲ್ಲಿ ‘ಮಿಸ್ಟರ್ ಕವೆಂಟ್ರಿ’ ಆಗಿದ್ದವನು 1665ರಲ್ಲಿ ಪದವಿ ಸಿಕ್ಕ ಮೇಲೆ ‘ಸರ್ ಡಬ್ಲ್ಯು. ಕವೆಂಟ್ರಿ’ ಆಗುತ್ತಾನೆ. ‘ಕಸಿನ್’ ಎನ್ನುವುದಂತೂ ನಮ್ಮ ‘ಅಣ್ಣ’ ಇದ್ದ ಹಾಗೆ, ಎಷ್ಟು ದೂರದ ನಂಟಿಗೂ ಅಂಟುತ್ತದೆ. ‘ಮಿಸೆಸ್’ ಎಂದ ತಕ್ಷಣ ಮದುವೆಯಾದವಳು ಎಂದುಕೊಳ್ಳುವಂತಿಲ್ಲ. ಆ ಕಾಲದಲ್ಲಿ ಮದುವೆಯಾಗದ ಹೆಂಗಸರಿಗೂ ಅದೇ ಗೌರವದ ಮಾತು.

ಇದೆಲ್ಲ ತಿಳಿದ ಮೇಲೂ ಸಿಕ್ಕಿಬೀಳುವ ಜಾಗಗಳಿವೆ. ನನಗೆ ಇಷ್ಟವಾದದ್ದು ಟರ್ನರ್ ಸಿಕ್ಕು. ಡೈರಿಯಲ್ಲಿ ‘ಮಿಸೆಸ್ ಟರ್ನರ್’ ಮತ್ತೆ ಮತ್ತೆ ಬರುತ್ತಾಳೆ. ಆದರೆ ಈ ಹೆಸರಿನವರು ಇಬ್ಬರಿದ್ದಾರೆ. ಒಬ್ಬಳು ಜೇನ್ ಟರ್ನರ್, ಪೀಪ್ಸ್ ವಂಶದಲ್ಲೇ ಹುಟ್ಟಿದವಳು, ಗಂಡ ಜಾನ್ ಟರ್ನರ್ ವಕೀಲ. 1658ರ ಮಾರ್ಚ್ 26ರಂದು ಪೀಪ್ಸ್‌ನ ಮೂತ್ರಕೋಶದಿಂದ ಕಲ್ಲು ತೆಗೆದದ್ದು ಇವಳ ಮನೆಯಲ್ಲೇ, ಸಾಲ್ಸ್‌ಬರಿ ಕೋರ್ಟ್ ಎಂಬಲ್ಲಿ. ಅರಿವಳಿಕೆ ಇಲ್ಲದ ಕಾಲ. ಬದುಕಿ ಉಳಿದದ್ದಕ್ಕೆ ಪ್ರತಿ ವರ್ಷ ಅದೇ ದಿನ ಔತಣ ಇಟ್ಟುಕೊಳ್ಳಬೇಕು ಎಂದು ಅವನ ಆಸೆ. ಇನ್ನೊಬ್ಬಳು ಎಲಿಜಬೆತ್ ಟರ್ನರ್. ಇವಳ ಗಂಡ ಥಾಮಸ್ ಟರ್ನರ್ ನೌಕಾ ಕಚೇರಿಯವನೇ, ಪೀಪ್ಸ್‌ಗೆ ಸಿಕ್ಕ ಹುದ್ದೆಯ ಮೇಲೆ ಅವನಿಗೂ ಕಣ್ಣಿತ್ತು. ಈ ಎಲಿಜಬೆತ್ ನೆರೆಮನೆಯವಳು, ಪೆನ್ ಮತ್ತು ಬ್ಯಾಟನ್ ಮನೆಗಳ ಗುಟ್ಟನ್ನೆಲ್ಲ ತಂದು ಹೇಳುವವಳು. ಸಾಲದ್ದಕ್ಕೆ ಇಬ್ಬರಿಗೂ ಬೆಟ್ಟಿ ಎಂಬ ಮಗಳಿದ್ದಾಳೆ.

ಹಾಗಾದರೆ ಒಂದು ದಿನದ ಬರಹದಲ್ಲಿ ಬರೀ ‘ಮಿಸೆಸ್ ಟರ್ನರ್’ ಎಂದಿದ್ದರೆ? ಅಕ್ಕಪಕ್ಕ ಯಾರಿದ್ದಾರೆ ನೋಡಬೇಕು. ಜೇನ್‌ಳ ಇನ್ನೊಬ್ಬ ಮಗಳು ಥಿಯೊಫಿಲಾ, ಪೀಪ್ಸ್ ಅವಳನ್ನು ‘ಥೆ.’ ಎಂದಷ್ಟೇ ಬರೆಯುತ್ತಾನೆ. ಅವಳು ಜೊತೆಗಿದ್ದರೆ, ಕಲ್ಲು ತೆಗೆಸಿದ ದಿನದ ಔತಣವಾಗಿದ್ದರೆ, ಅದು ಜೇನ್. ಕಚೇರಿ ಅಂಗಳದ ಮನೆಯಲ್ಲಿ ಸಂಜೆ ಕೂತು ಸರ್ ಡಬ್ಲ್ಯು. ಪೆನ್‌ನ ಹಳೆಯ ಕಥೆ ಬಿಚ್ಚುತ್ತಿದ್ದರೆ ಅದು ಎಲಿಜಬೆತ್. ಇಂಥ ಸುಳಿವು ಯಾವುದೂ ಇಲ್ಲದ ಸಾಲುಗಳೂ ಇರುತ್ತವೆ. ಅಲ್ಲಿ ಹಿಂದಿನ ವಾರ, ಮುಂದಿನ ವಾರ ಓದಬೇಕು. ಜೇನ್ ಆಗ ಊರಲ್ಲಿದ್ದಳಾ, ಗಂಡನ ಕೆಲಸದ ಊರಾದ ಯಾರ್ಕ್ ಕಡೆ ಹೋಗಿದ್ದಳಾ ಎಂದು ನೋಡಬೇಕು. ಸಂಪಾದಕರ ಅರ್ಧ ಆಯುಸ್ಸು ಹೋಗುವುದು ಇಲ್ಲೇ.

ಡೈರಿಯ ಒಳಗಿನ ಕೆಲಸ ಮುಗಿದ ಮೇಲೆ ಹೊರಗಿನ ಕಾಗದಗಳು. ಇಂಗ್ಲೆಂಡಿನಲ್ಲಿ 1538ರಿಂದ ಚರ್ಚುಗಳು ನಾಮಕರಣ, ಮದುವೆ, ಸಾವಿನ ರಿಜಿಸ್ಟರ್ ಇಟ್ಟಿವೆ. ವಿಲ್‌ಗಳಿವೆ, ಮದುವೆ ಲೈಸೆನ್ಸುಗಳಿವೆ, ನೌಕಾಪಡೆಯ ಪತ್ರಗಳಿವೆ. 1662ರಲ್ಲಿ ಬಂದ ಒಲೆ ತೆರಿಗೆ ತುಂಬ ಉಪಯೋಗಕ್ಕೆ ಬರುತ್ತದೆ. ಒಂದು ಒಲೆಗೆ ವರ್ಷಕ್ಕೆ 2 ಶಿಲ್ಲಿಂಗ್. ಯಾವ ಬೀದಿಯಲ್ಲಿ ಯಾರ ಮನೆ, ಎಷ್ಟು ಒಲೆ ಎಂದು ಅದರ ಪಟ್ಟಿ ಹೇಳುತ್ತದೆ. ಒಲೆ ಜಾಸ್ತಿ ಇದ್ದರೆ ಅನುಕೂಲಸ್ಥರ ಮನೆ. ಆದರೆ ಪಟ್ಟಿಯಲ್ಲಿರುವುದು ಮನೆ ಯಜಮಾನನ ಹೆಸರು. ಬಾಡಿಗೆ ಕೋಣೆಯಲ್ಲಿದ್ದವರು, ಕೆಲಸದ ಆಳುಗಳು ಅಲ್ಲಿ ಕಾಣುವುದಿಲ್ಲ.

ತಾರೀಖಿನದೂ ಒಂದು ಬಲೆ ಇದೆ. ಆಗ ಇಂಗ್ಲೆಂಡಿನಲ್ಲಿ ಸರ್ಕಾರಿ ಲೆಕ್ಕಕ್ಕೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಚರ್ಚಿನ ಪುಸ್ತಕದಲ್ಲಿ ‘1661, ಫೆಬ್ರವರಿ’ ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1662ರ ಫೆಬ್ರವರಿ. ಇದನ್ನು ಮರೆತರೆ ಮದುವೆಗೆ ಮುಂಚೆಯೇ ಒಬ್ಬಳಿಗೆ ಮಗು ಹುಟ್ಟಿಸಿಬಿಡಬಹುದು, ಸತ್ತವನನ್ನು ಊಟಕ್ಕೆ ಕರೆಸಬಹುದು. ಇನ್ನು 1665ರ ಪ್ಲೇಗು, 1666ರ ಬೆಂಕಿ. ಬೆಂಕಿಯಲ್ಲಿ ಸುಮಾರು 13,200 ಮನೆಗಳು, 87 ಚರ್ಚುಗಳು ಹೋದವು. ಪೀಪ್ಸ್‌ನ ಸ್ವಂತ ಚರ್ಚು ಸೇಂಟ್ ಆಲೇವ್ ಉಳಿಯಿತು. ಒಂದು ಹೆಸರು 1665ರ ನಂತರ ಡೈರಿಯಲ್ಲಿ ಬರದಿದ್ದರೆ ಆ ಮನುಷ್ಯ ಸತ್ತನೋ, ಮನೆ ಬದಲಿಸಿದನೋ, ಸುಮ್ನೆ ಪೀಪ್ಸ್‌ಗೆ ಬೇಡವಾದನೋ ಎಂಬ ಪ್ರಶ್ನೆ ಏಳುತ್ತದೆ.

ಈ ಕಾಗದಗಳೆಲ್ಲ ಯಾರನ್ನು ಹಿಡಿಯುತ್ತವೆ? ಆಸ್ತಿ ಇದ್ದವರನ್ನು, ಹುದ್ದೆ ಇದ್ದವರನ್ನು. ಅಂದರೆ ಹೆಚ್ಚಾಗಿ ಗಂಡಸರನ್ನು. ಡೆಟ್‌ಫರ್ಡ್‌ನ ಹಡಗು ಬಡಗಿ ವಿಲಿಯಂ ಬ್ಯಾಗ್‌ವೆಲ್ ನೌಕಾಪಡೆಯ ಕಾಗದಗಳಲ್ಲಿ ಸಿಗುತ್ತಾನೆ. ಅವನ ಹೆಂಡತಿ ಡೈರಿಯಲ್ಲಿ ವರ್ಷಗಟ್ಟಲೆ ಬರುತ್ತಾಳೆ. ಗಂಡನಿಗೆ ಒಳ್ಳೆಯ ಹಡಗಿನಲ್ಲಿ ಕೆಲಸ ಕೇಳಲು ಬಂದವಳ ಮೈಮೇಲೆ ಪೀಪ್ಸ್ ತನ್ನ ಅಧಿಕಾರ ಬಳಸಿದ, ಅದನ್ನೂ ಬರೆದಿಟ್ಟ. ಆದರೆ ಅವಳ ಸ್ವಂತ ಹೆಸರನ್ನು ಒಮ್ಮೆಯೂ ಬರೆಯಲಿಲ್ಲ. ಇಡೀ ಡೈರಿಯಲ್ಲಿ ಅವಳು ‘ಬ್ಯಾಗ್‌ವೆಲ್ ಹೆಂಡತಿ’ಯೇ. ಕೆಲಸದ ಹುಡುಗ ವೇನ್‌ಮನ್ ಬರ್ಚ್‌ನದು ಇನ್ನೊಂದು ಥರ. 1663ರಲ್ಲಿ ಪೀಪ್ಸ್ ಅವನನ್ನು ಕೆಲಸದಿಂದ ತೆಗೆದ. ಅದೇ ನವೆಂಬರಿನಲ್ಲಿ ಹುಡುಗ ಬಾರ್ಬಡೋಸ್‌ಗೆ ಹೋಗುವ ಹಡಗಿನಲ್ಲಿದ್ದ, ಬಿಡಿಸಿ ಎಂದು ಬೇಡಿಕೊಂಡ. ಪೀಪ್ಸ್ ಒಪ್ಪಲಿಲ್ಲ. ಅವನ ಅಕ್ಕ ಜೇನ್ ಬರ್ಚ್ ಮಾತ್ರ ಅದೇ ಮನೆಯಲ್ಲಿ ಕೆಲಸ ಬಿಟ್ಟು, ಮತ್ತೆ ಸೇರಿ, 1669ರ ಮಾರ್ಚ್‌ನಲ್ಲಿ ಮನೆಯ ಇನ್ನೊಬ್ಬ ಆಳು ಟಾಮ್ ಎಡ್ವರ್ಡ್ಸ್‌ನನ್ನು ಮದುವೆಯಾದಳು. ಅವಳ ಟಿಪ್ಪಣಿ ಉದ್ದವಾಗಿದೆ, ತಮ್ಮನದು ಚಿಕ್ಕದು.

ಹೆಂಗಸರ ಜಾಡು ತಪ್ಪುವ ಇನ್ನೊಂದು ಜಾಗ ಮದುವೆ. ಹೆಸರೇ ಬದಲಾಗುತ್ತದೆ. ಡೆಬ್ ವಿಲೆಟ್ ಕಥೆ ಅದಕ್ಕೇ ಮುಖ್ಯ. 1667ರ ಸೆಪ್ಟೆಂಬರ್ ಕೊನೆಯಲ್ಲಿ ಪೀಪ್ಸ್‌ನ ಹೆಂಡತಿ ಎಲಿಜಬೆತ್‌ಗೆ ಜೊತೆಗಾತಿಯಾಗಿ ಈ ಹದಿಹರೆಯದ ಹುಡುಗಿ ಬಂದಳು. 1668ರ ಅಕ್ಟೋಬರ್ 25ರಂದು ಗಂಡ ಇವಳ ಜೊತೆ ಇದ್ದದ್ದನ್ನು ಎಲಿಜಬೆತ್ ಕಣ್ಣಾರೆ ಕಂಡಳು. ಮನೆ ರಣರಂಗವಾಯಿತು, ಮುಂದಿನ ತಿಂಗಳು ಡೆಬ್ ಮನೆ ಬಿಟ್ಟಳು. ಆರೇಳು ತಿಂಗಳಲ್ಲಿ ಡೈರಿಯೂ ನಿಂತಿತು. ಅವಳ ಮೂಲದ ಸುಳಿವು ಡೈರಿಯಲ್ಲೇ ಇತ್ತು. 1668ರ ಜೂನ್‌ನಲ್ಲಿ ಎಲ್ಲರೂ ಬ್ರಿಸ್ಟಲ್‌ಗೆ ಹೋದಾಗ ಅಲ್ಲಿ ವ್ಯಾಪಾರಿಯಾಗಿದ್ದ ಅವಳ ಮಾವ ಸ್ಟ್ರಾಬೆರಿ, ಜಿಂಕೆ ಮಾಂಸದ ಕಡುಬು ಎಲ್ಲ ಬಡಿಸಿದ. ಮುಂದೇನಾದಳು ಎನ್ನುವುದು ಮಾತ್ರ ಬಹುಕಾಲ ಖಾಲಿ ಇತ್ತು.

2006ರಲ್ಲಿ ಕೇಟ್ ಲವ್‌ಮನ್ ಎಂಬ ಸಂಶೋಧಕಿ ಅದನ್ನು ತುಂಬಿದರು. ಡೆಬ್ 1670ರಲ್ಲಿ ಜೆರೆಮಯ್ಯ ವೆಲ್ಸ್ ಎಂಬ ಓದಿದ ಹುಡುಗನನ್ನು ಮದುವೆಯಾಗಿದ್ದಳು. ಆ ವೆಲ್ಸ್‌ಗೆ ಹಡಗಿನಲ್ಲಿ ಪಾದ್ರಿ ಕೆಲಸ ಸಿಗಲು ನೆರವಾದವನು ಯಾರು? ಪೀಪ್ಸ್. ಅವನ ಕಾಗದಗಳಲ್ಲಿ ವೆಲ್ಸ್ ಹೆಸರು ಇತ್ತು. ಆದರೆ ವೆಲ್ಸ್‌ನ ಹೆಂಡತಿ ಡೆಬ್ ಎಂದು ಗೊತ್ತಿಲ್ಲದಿದ್ದರೆ ಅದು ಬರೀ ಇನ್ನೊಂದು ಶಿಫಾರಸು. ಎರಡು ಟಿಪ್ಪಣಿ ಒಂದಾದಾಗ ಪೀಪ್ಸ್‌ನ ಬದುಕೇ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಡೈರಿ ನಿಂತ ಮೇಲೂ ಆ ಹುಡುಗಿಯ ನಂಟು ಪೂರ್ತಿ ಕಡಿದಿರಲಿಲ್ಲ.

ಎಲ್ಲ ಹುಡುಕಾಟವೂ ಹೀಗೆ ಮುಗಿಯುವುದಿಲ್ಲ. ಒಳ್ಳೆಯ ಟಿಪ್ಪಣಿಯಲ್ಲಿ ‘ಇವರೇ’, ‘ಬಹುಶಃ ಇವರು’, ‘ಇವರಿರಬಹುದು’, ‘ಗುರುತು ಸಿಕ್ಕಿಲ್ಲ’ ಎಂಬ ಮಾತುಗಳಿಗೆ ಬೇರೆ ಬೇರೆ ತೂಕ. ಓದುಗರು ಇವನ್ನು ಹಾರಿಸಿ ಓದುತ್ತಾರೆ, ಹಾರಿಸಬಾರದು. ಹೆಸರು ಒಂದೇ ಇದ್ದ ಮಾತ್ರಕ್ಕೆ ಜನ ಒಂದೇ ಅಲ್ಲ. ಎಲ್ಲ ಬೀದಿಯಲ್ಲೂ ಒಬ್ಬ ಜಾನ್, ಒಬ್ಬಳು ಮೇರಿ ಇದ್ದ ಕಾಲ ಅದು. ಹೆಸರಿನ ಜೊತೆಗೆ ವಯಸ್ಸು, ಬೀದಿ, ಕಸುಬು, ನಂಟರು ಇವುಗಳಲ್ಲಿ ಎರಡಾದರೂ ಕೂಡಿಬಂದರೆ ‘ಬಹುಶಃ’ ಎನ್ನಬಹುದು. ‘ಗುರುತು ಸಿಕ್ಕಿಲ್ಲ’ ಎಂದು ಬರೆಯುವವರ ಮೇಲೆ ನನಗೆ ಗೌರವ ಜಾಸ್ತಿ. ಒಮ್ಮೆ ಅಚ್ಚಾದ ತಪ್ಪು ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತಲೇ ಇರುತ್ತದೆ. ಪೀಪ್ಸ್‌ನ ಗೆಳತಿಯಾಗಿದ್ದ ನಟಿ ನೆಪ್ ಹಳೆಯ ಪುಸ್ತಕಗಳಲ್ಲಿ ಮೇರಿ, ಹೊಸ ಸಂಶೋಧನೆಯಲ್ಲಿ ಎಲಿಜಬೆತ್. ಹಳೆಯ ಮೇರಿಯನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು.

1825ರ ಮೊದಲ ಮುದ್ರಣ ಡೈರಿಯ ಒಂದು ಭಾಗವನ್ನಷ್ಟೇ ಕೊಟ್ಟಿತ್ತು. ಒಂದು ಸಾಲೂ ಬಿಡದ ಪೂರ್ತಿ ಪಾಠ ಬಂದದ್ದು 1970ರಿಂದ 1983ರವರೆಗೆ, ರಾಬರ್ಟ್ ಲೇಥಮ್ ಮತ್ತು ವಿಲಿಯಂ ಮ್ಯಾಥ್ಯೂಸ್ ಅವರ 11 ಸಂಪುಟಗಳಲ್ಲಿ. ಅದರಲ್ಲಿ 9 ಡೈರಿ. 10ನೆಯದು ಜನ, ಜಾಗ, ಆಚಾರಗಳ ವಿವರಣೆ, 11ನೆಯದು ಬರೀ ಸೂಚಿ. ಯಾವ ಮಿಸೆಸ್ ಟರ್ನರ್ ಯಾವ ಪುಟದಲ್ಲಿದ್ದಾಳೆ ಎಂದು ಬೇರೆ ಮಾಡಿ ಕೊಟ್ಟಿರುವುದು ಆ ಕೊನೆಯ ಸಂಪುಟ.

ನಮ್ಮ ನೆರೆಯಲ್ಲೂ ಇಂಥದೊಂದು ಡೈರಿ ಇದೆ. ಪಾಂಡಿಚೇರಿಯಲ್ಲಿ ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೈ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದದ್ದು. ತಿರುಚ್ಚಿಯ ಮುತ್ತಿಗೆಯ ಹೊತ್ತಿಗೆ ಮೈಸೂರಿನ ನಂಜರಾಜಯ್ಯನ ಸುದ್ದಿಯೂ ಅದರಲ್ಲಿ ಬರುತ್ತದೆ. 1904ರಿಂದ 1928ರವರೆಗೆ ಇಂಗ್ಲಿಷಿನಲ್ಲಿ 12 ಸಂಪುಟಗಳಾಗಿ ಬಂತು. ಅದರ ಸಂಪಾದಕರ ಕಷ್ಟ ಬೇರೆ ಥರದ್ದು. ತಮಿಳು ಲಿಪಿಯಲ್ಲಿ ‘ಪ’ಗೂ ‘ಬ’ಗೂ ಒಂದೇ ಅಕ್ಷರ, ‘ಕ’ಗೂ ‘ಗ’ಗೂ ಒಂದೇ. ಅದರಲ್ಲಿ ಬರೆದ ಫ್ರೆಂಚ್ ಹೆಸರನ್ನು ಮತ್ತೆ ಫ್ರೆಂಚಿಗೆ ತರಬೇಕು. ಊರಿನವರ ಹೆಸರೂ ಎರಡೆರಡು. ಪಿಳ್ಳೈಗಿಂತ ಮುಂಚೆ ದುಭಾಷಿಯಾಗಿದ್ದ ಕ್ರೈಸ್ತ ಪ್ರಮುಖ ಈ ಡೈರಿಯಲ್ಲಿ ಕನಕರಾಯ ಮುದಲಿ. ಫ್ರೆಂಚರ ಕಾಗದಗಳಲ್ಲಿ ಅವನು ಪೆದ್ರೋ. ಎರಡೂ ಕಡೆಯ ಕಾಗದ ಎದುರಿಗಿಟ್ಟುಕೊಂಡರೆ ಮಾತ್ರ ಇಬ್ಬರೂ ಒಬ್ಬನೇ ಎಂದು ತಿಳಿಯುತ್ತದೆ.