ಬಂಗಲೆಯಂಗಳದ ಟೆನಿಸ್ ಟೂರ್ನಿಗಳು ಏಕೆ ಉಳಿಯಲಿಲ್ಲ?

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದ ಟೆನಿಸ್ ದಾಖಲೆಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳಲ್ಲಿ ನಡೆದ ಟೂರ್ನಿಗಳ ಹೆಸರು ಕಾಣುತ್ತವೆ. ಕೆಲವು ವರ್ಷ ನಡೆದು ನಿಂತೇಹೋಗುತ್ತವೆ. ಕಾರಣವೇನು?

ಉತ್ತರ: ಅವು ಮನೆಯವರ ಆತಿಥ್ಯವನ್ನು ನಂಬಿಕೊಂಡಿದ್ದವು. ಯಜಮಾನ ತೀರಿಕೊಂಡರೆ, ಮನೆ ಬಾಡಿಗೆಗೆ ಹೋದರೆ, ಆಡುವ ಮಕ್ಕಳು ಮದುವೆಯಾಗಿ ದೂರವಾದರೆ ಟೂರ್ನಿಯೂ ಮುಗಿಯಿತು. ಮುಂದುವರಿಸಲು ಹಿಂದೆ ಒಂದು ಸಮಿತಿ ಇರಲಿಲ್ಲ.

ಹಾಗೆ ನೋಡಿದರೆ ಲಾನ್ ಟೆನಿಸ್ ಎಂಬುದೇ ಬಂಗಲೆಯ ಆಟ. ಹುಲ್ಲುಹಾಸಿನ ಮೇಲೆ ಆಡುವ ಈ ಆಟಕ್ಕೆ 1874ರಲ್ಲಿ ಪೇಟೆಂಟ್ ಪಡೆದ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ತನ್ನ ನಿಯಮಗಳ ಕಿರುಹೊತ್ತಿಗೆಯನ್ನು ಅರ್ಪಿಸಿದ್ದು ವೇಲ್ಸ್‌ನ ನಾಂಟ್‌ಕ್ಲೂಯಿಡ್ ಬಂಗಲೆಯಲ್ಲಿ 1873ರ ಡಿಸೆಂಬರ್‌ನಲ್ಲಿ ಸೇರಿದ್ದ ಅತಿಥಿಗಳಿಗೆ. ಆತ 5 ಗಿನಿಗೆ (ಒಂದು ಗಿನಿ ಎಂದರೆ 21 ಶಿಲ್ಲಿಂಗ್, ಒಂದು ಪೌಂಡಿಗಿಂತ ತುಸು ಹೆಚ್ಚು) ಮಾರುತ್ತಿದ್ದ ಪೆಟ್ಟಿಗೆಯಲ್ಲಿ ಕಂಬ, ಬಲೆ, ಗೂಟ, ಗೂಟ ಬಡಿಯಲು ಕೊಡತಿ, ರಾಕೆಟ್, ರಬ್ಬರ್ ಚೆಂಡು ಎಲ್ಲವೂ ಇರುತ್ತಿದ್ದವು. ಕೊಡತಿಯಿಂದ ಚೆಂಡು ಹೊಡೆದು ಕಮಾನುಗಳ ಮೂಲಕ ತೂರಿಸುವ ಕ್ರೋಕೆ ಆಟಕ್ಕೆಂದು ಕತ್ತರಿಸಿ, ರೋಲರ್ ಎಳೆದು ಸಮ ಮಾಡಿದ ಹುಲ್ಲುಹಾಸು ಬಂಗಲೆಗಳಲ್ಲಿ ಮೊದಲೇ ಇತ್ತು. ಪೆಟ್ಟಿಗೆ ಬಿಚ್ಚಿದರೆ ಮಧ್ಯಾಹ್ನದೊಳಗೆ ಕೋರ್ಟ್ ಸಿದ್ಧ. ಆ ಕೋರ್ಟ್ ಈಗಿನಂತೆ ಆಯತಾಕಾರವಲ್ಲ, ಡಮರುವಿನ ಹಾಗೆ ನಡುವೆ ಕಿರಿದಾಗಿತ್ತು.

ಸ್ಪರ್ಧೆಯ ದಿಕ್ಕು ಬದಲಾದದ್ದು 1877ರಲ್ಲಿ. ವಿಂಬಲ್ಡನ್‌ನ ಕ್ಲಬ್ಬು ಟೂರ್ನಿ ನಡೆಸಲು ಹೊರಟಾಗ ಕ್ಲಬ್ಬಿನ ಸಮಿತಿಯಲ್ಲಿದ್ದ ಹೆನ್ರಿ ಜೋನ್ಸ್ ಮತ್ತು ಜೊತೆಗಾರರು 78 ಅಡಿ ಉದ್ದ, 27 ಅಡಿ ಅಗಲದ ಆಯತದ ಕೋರ್ಟ್ ನಿಗದಿ ಮಾಡಿದರು. ಆಟಗಾರರು ತಲಾ ಒಂದು ಗಿನಿ ಕಟ್ಟಿದರು, ಫೈನಲ್ ನೋಡಲು ಬಂದವರು ಒಂದು ಶಿಲ್ಲಿಂಗ್ ಕೊಟ್ಟರು. ಸ್ಪರ್ಧಿಗಳು 22 ಮಂದಿಯಷ್ಟೇ, ಗೆದ್ದವರು ಸ್ಪೆನ್ಸರ್ ಗೋರ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆ ಗಿನಿ ಮತ್ತು ಶಿಲ್ಲಿಂಗ್. ಕ್ಲಬ್ಬಿಗೆ ಆದಾಯ ಬರತೊಡಗಿತು, ಕಾರ್ಯದರ್ಶಿ ಬದಲಾದರೂ ಮುಂದಿನ ವರ್ಷದ ಟೂರ್ನಿ ನಡೆಯುತ್ತಿತ್ತು. ಬಂಗಲೆಯಲ್ಲಿ ಅತಿಥಿಗಳಿಂದ ಟಿಕೆಟ್ ದುಡ್ಡು ಕೇಳುವುದು ಹೇಗೆ?

ಆದಾಯವಿದ್ದರೂ ಕಷ್ಟ ತಪ್ಪಲಿಲ್ಲ ಎನ್ನುವುದಕ್ಕೆ ವಿಂಬಲ್ಡನ್ನೇ ಸಾಕ್ಷಿ. ಚಾಂಪಿಯನ್‌ಗಳಾಗಿದ್ದ ರೆನ್‌ಶಾ ಅವಳಿ ಸಹೋದರರ ಆಟ ನೋಡಲು 1880ರ ದಶಕದಲ್ಲಿ ಜನ ಮುಗಿಬಿದ್ದರು. ಅವರ ಕಾಲ ಮುಗಿದ ಮೇಲೆ ಉತ್ಸಾಹ ಇಳಿಯಿತು, ಸೈಕಲ್ಲು ಮತ್ತು ಗಾಲ್ಫ್ ಹುಚ್ಚು ಹತ್ತಿತು. 1895ರಲ್ಲಿ ವಿಂಬಲ್ಡನ್ ಟೂರ್ನಿ 33 ಪೌಂಡ್ ನಷ್ಟ ಕಂಡಿತು. ಸ್ವಂತ ಜೇಬಿನಿಂದ ಚಹಾ, ತಿಂಡಿ, ಬಹುಮಾನಗಳ ಖರ್ಚು ಹಾಕುತ್ತಿದ್ದ ಮನೆಗಳು ಅಂಥ ಕಾಲದಲ್ಲಿ ಎಷ್ಟು ವರ್ಷ ತಾಳಿಯಾವು?

ಹಾಗೆಂದು ಬಂಗಲೆಯ ಟೂರ್ನಿಗಳನ್ನು ವಿಫಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ವಿಂಬಲ್ಡನ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1884ರಲ್ಲಿ, ಅಲ್ಲಿನ ಟೂರ್ನಿ ಶುರುವಾಗಿ ಏಳು ವರ್ಷವಾದ ಮೇಲೆ. ಅದಕ್ಕೂ ಮೊದಲೇ ಅವರು ಉದ್ದನೆಯ ಲಂಗ ತೊಟ್ಟು ಮನೆಯಂಗಳಗಳಲ್ಲಿ ಆಡುತ್ತಿದ್ದರು. ಆ ವರ್ಷ ಗೆದ್ದ ಮಾಡ್ ವಾಟ್ಸನ್ ಬರ್ಕ್ಸ್‌ವೆಲ್ ಎಂಬ ಹಳ್ಳಿಯ ಪಾದ್ರಿಯ ಮಗಳು. ತಂದೆಯ ಹತ್ತಿರ ಗಣಿತ ಕಲಿಯಲು ಕೇಂಬ್ರಿಜ್‌ನಿಂದ ಬರುತ್ತಿದ್ದ ಹುಡುಗರ ಎದುರು ಆಡಿ ಕೈ ಪಳಗಿಸಿಕೊಂಡಿದ್ದರು. ಫೈನಲ್‌ನಲ್ಲಿ ಎದುರಾದದ್ದು ಒಡಹುಟ್ಟಿದ ಅಕ್ಕ ಲಿಲಿಯನ್. ಮೊದಲ ಸೆಟ್ 6-8ರಲ್ಲಿ ಸೋತು, ಮುಂದಿನ ಎರಡನ್ನೂ 6-3, 6-3ರಿಂದ ಗೆದ್ದರು. ಮೂರು ವರ್ಷಗಳ ಬಳಿಕ, ಚೆಷೈರ್‌ನ ತಮ್ಮ ಮನೆಯ ತೋಟದಲ್ಲೇ ಎರಡು ಕೋರ್ಟ್‌ಗಳಿದ್ದ ಲಾಟಿ ಡಾಡ್ 15ನೇ ವಯಸ್ಸಿಗೇ ಚಾಂಪಿಯನ್ ಆದರು. ಸಿಂಗಲ್ಸ್‌ನಲ್ಲಿ ಅಷ್ಟು ಕಿರಿಯ ವಿಜೇತರು ವಿಂಬಲ್ಡನ್‌ಗೆ ಇಂದಿಗೂ ಸಿಕ್ಕಿಲ್ಲ.