ಮುಂಗಡ ಕೊಟ್ಟವರಿಗೂ ಬೀಗವೇ?

‘ಶೆನ್ಮ್ಯೂ 3’ ಎಂಬ ವಿಡಿಯೊ ಆಟದ ಕಂಪ್ಯೂಟರ್ ಆವೃತ್ತಿ ಎಪಿಕ್ ಗೇಮ್ಸ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಸಿಗಲಿದೆ ಎಂದು ಅದರ ತಯಾರಕರು 2019ರ ಜೂನ್‌ನಲ್ಲಿ ಪ್ರಕಟಿಸಿದರು. ಯು ಸುಜುಕಿ ಅವರ ಈ ಆಟಕ್ಕಾಗಿ 2015ರಲ್ಲಿ ಜನರಿಂದ ಮುಂಗಡ ವಂತಿಗೆ ಎತ್ತುವ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಸುಮಾರು 69 ಸಾವಿರ ಮಂದಿ ಒಟ್ಟು 63 ಲಕ್ಷ ಡಾಲರ್‌ಗೂ ಹೆಚ್ಚು ವಂತಿಗೆ ಕೊಟ್ಟಿದ್ದರು. ಅವರಲ್ಲಿ ಕಂಪ್ಯೂಟರ್ ಆವೃತ್ತಿಯನ್ನು ಆರಿಸಿಕೊಂಡವರು ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯ ಕೀ (ಆಟವನ್ನು ತಮ್ಮ ಖಾತೆಗೆ ಸೇರಿಸಿಕೊಳ್ಳುವ ಸಂಕೇತ) ಬರುತ್ತದೆಂಬ ಭರವಸೆಯಿಂದಲೇ ನಾಲ್ಕು ವರ್ಷ ಕಾದಿದ್ದರು. ಅಸಮಾಧಾನ ಎಷ್ಟು ಜೋರಾಗಿತ್ತೆಂದರೆ, ಕೆಲವೇ ವಾರಗಳಲ್ಲಿ ತಯಾರಕರು ಮಣಿಯಬೇಕಾಯಿತು. ಎಪಿಕ್ ಕೀ ಪಡೆಯಬಹುದು, ಬಿಡುಗಡೆಯ ನಂತರ ಒಂದು ವರ್ಷ ಕಾದು ಸ್ಟೀಮ್ ಕೀ ಪಡೆಯಬಹುದು, ಇಲ್ಲವೇ ಹಣವನ್ನು ವಾಪಸ್ ಕೇಳಬಹುದು ಎಂದಾಯಿತು.

ಸಣ್ಣ ಸ್ಟುಡಿಯೊಗಳ ಆಟಗಳನ್ನು ಬಿಡುಗಡೆಗೆ ಸಿದ್ಧಗೊಳಿಸಿ ಆನ್‌ಲೈನ್ ಅಂಗಡಿಗಳಿಗೆ ಏರಿಸುವುದು ನನ್ನ ಕೆಲಸ. ಈ ಜಗಳವನ್ನು ಬಹಳ ಮಂದಿ ಎರಡು ಅಂಗಡಿಗಳ ಪೈಪೋಟಿ ಎಂದು ಓದಿಕೊಂಡರು. ನನ್ನಂಥವರಿಗೆ ಅದರೊಳಗೆ ಇನ್ನೂ ಹಳೆಯ ಪ್ರಶ್ನೆಯೊಂದು ಕಂಡಿತು: ಹಣ ಕೊಟ್ಟವರ ಕೈಗೆ ಕೊನೆಗೆ ಸೇರಬೇಕಾದದ್ದು ಏನು? ತಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡು ಯಾರ ಅಪ್ಪಣೆಯೂ ಇಲ್ಲದೆ ಆಡಬಹುದಾದ ಪ್ರತಿಯೋ, ಅಂಗಡಿಯೊಂದರ ಖಾತೆಯಲ್ಲಿ ದಾಖಲಾಗುವ ಅನುಮತಿಯೋ? ನಕಲು ತಡೆ, ಅಂದರೆ ಡಿಆರ್‌ಎಂ ಕುರಿತ ವಾದವೆಲ್ಲ ಇದರ ಸುತ್ತಲೇ ಸುತ್ತುತ್ತದೆ. ಸಿದ್ಧವಾದ ಆಟವನ್ನು ಕೊಳ್ಳುವವರು ವಿವರ ಓದಿ, ಬೇಡವೆನಿಸಿದರೆ ಬಿಟ್ಟು ಮುಂದೆ ಹೋಗಬಹುದು. ವಂತಿಗೆದಾರರು ಹಣ ಕೊಡುವಾಗ ಆಟವೇ ಹುಟ್ಟಿರುವುದಿಲ್ಲ. ಹಾಗಾಗಿ ಇಂಥ ಆಟದಲ್ಲಿ ನಕಲು ತಡೆ ಇರುತ್ತದೆಯೇ ಇಲ್ಲವೇ ಎಂಬುದು ಬಿಡುಗಡೆಯ ಹಿಂದಿನ ತಿಂಗಳು ಮಾರಾಟದವರು ಕೂತು ತೀರ್ಮಾನಿಸುವ ಸಂಗತಿಯಾಗಬಾರದು. ಅದು ಹಣ ಕೇಳುವ ಪುಟದಲ್ಲೇ ಬರೆದಿರಬೇಕಾದ ಕರಾರು ಎಂಬುದು ನನ್ನ ಅಭಿಪ್ರಾಯ.

ನಕಲು ತಡೆ ಎಂದಾಗ ಜನರ ಮನಸ್ಸಿಗೆ ಬರುವುದು ಯಾರೋ ಉದ್ದೇಶಪೂರ್ವಕವಾಗಿ ಜಡಿದ ದೊಡ್ಡ ಬೀಗ. ವಾಸ್ತವದಲ್ಲಿ ಅದು ಹಲವು ಸಲ ಒಂದೆರಡು ಸಾಲಿನ ಕೋಡ್. ಸ್ಟೀಮ್‌ಗೆ ಹೋಗುವ ಆಟ ತೆರೆದುಕೊಂಡ ಕೂಡಲೇ ಸಾಮಾನ್ಯವಾಗಿ ‘ಸ್ಟೀಮ್‌ಎಪಿಐ ಇನಿಟ್’ ಎಂಬ ಕರೆಯೊಂದನ್ನು ಮಾಡುತ್ತದೆ; ಅದೇ ಯಂತ್ರದಲ್ಲಿ ಸ್ಟೀಮ್ ಓಡುತ್ತಿಲ್ಲವಾದರೆ ಆ ಕರೆ ವಿಫಲವಾಗುತ್ತದೆ. ವಿಫಲವಾದಾಗ ಏನು ಮಾಡಬೇಕೆಂಬುದನ್ನು ಬರೆಯುವುದು ಪ್ರೋಗ್ರಾಮರ್. ಪದಕಗಳು, ಅಂಕಪಟ್ಟಿ ಇವನ್ನೆಲ್ಲ ಬದಿಗಿಟ್ಟು ಆಟವನ್ನು ಮುಂದುವರಿಸು ಎಂದು ಬರೆದರೆ, ಫೋಲ್ಡರನ್ನು ಇನ್ನೊಂದು ಕಂಪ್ಯೂಟರ್‌ಗೆ ನಕಲು ಮಾಡಿಕೊಂಡರೂ ಆಟ ನಡೆಯುತ್ತದೆ. ಅಲ್ಲಿಗೇ ಮುಚ್ಚಿಬಿಡು ಎಂದು ಬರೆದರೆ ಆಟ ಸ್ಟೀಮ್‌ಗೆ ಕಟ್ಟುಬೀಳುತ್ತದೆ. ಮಾದರಿ ಕೋಡ್‌ನಲ್ಲಿ ಎರಡನೆಯದೇ ಇರುವುದರಿಂದ, ಗಡಿಬಿಡಿಯಲ್ಲಿರುವವರು ಅದನ್ನೇ ಎತ್ತಿ ಅಂಟಿಸುತ್ತಾರೆ. ಯಾರೂ ಚರ್ಚಿಸದೆ, ಯಾರೂ ನಿರ್ಧರಿಸದೆ ಆಟಕ್ಕೆ ಬೀಗ ಬಿದ್ದಿರುತ್ತದೆ. ಇದರ ಮೇಲೆ ಬೇಕಿದ್ದರೆ ಸ್ಟೀಮ್‌ನ ಡಿಆರ್‌ಎಂ ಹೊದಿಕೆಯನ್ನೂ ಸುತ್ತಬಹುದು. ಅದು ತನ್ನಷ್ಟಕ್ಕೇ ಕಳ್ಳತನಕ್ಕೆ ಪರಿಹಾರವಲ್ಲ, ಮನಸ್ಸು ಮಾಡಿದವರು ಸುಲಭವಾಗಿ ಕಿತ್ತುಹಾಕಬಲ್ಲರು ಎಂದು ಸ್ಟೀಮ್ ನಡೆಸುವ ವಾಲ್ವ್ ಸಂಸ್ಥೆಯೇ ತನ್ನ ದಾಖಲೆಗಳಲ್ಲಿ ಒಪ್ಪಿಕೊಂಡಿದೆ.

ಡೆನುವೊ ಬೇರೆಯೇ ದರ್ಜೆಯದು. ಆಸ್ಟ್ರಿಯಾದಲ್ಲಿ ಹುಟ್ಟಿ 2014ರಿಂದ ದೊಡ್ಡ ಆಟಗಳಲ್ಲಿ ಬಳಕೆಗೆ ಬಂದ ಈ ತಂತ್ರಾಂಶ ಸರ್ವರ್‌ನಿಂದ ಯಂತ್ರಕ್ಕೊಂದು ಅನುಮತಿ ಪಡೆದ ಮೇಲೆಯೇ ಆಟವನ್ನು ತೆರೆಯಗೊಡುತ್ತದೆ. ಅದರ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಡೆನುವೊ ಇರುವ ಆಟ ಬಿಡುಗಡೆಯಾದ ಕೂಡಲೇ ಕ್ರ್ಯಾಕ್ ಆದರೆ, ಅಂದರೆ ಅದರ ಬೀಗವನ್ನು ಯಾರಾದರೂ ಒಡೆದರೆ, ಆದಾಯದಲ್ಲಿ ಸರಾಸರಿ ಶೇ 20ರಷ್ಟು ನಷ್ಟವಾಗುತ್ತದೆ. ಹನ್ನೆರಡು ವಾರ ತಡೆದುಕೊಂಡರೆ ನಂತರದ ಕ್ರ್ಯಾಕ್‌ನಿಂದ ಆಗುವ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಬೀಗದ ಉಪಯೋಗ ಮೊದಲ ಕೆಲವು ವಾರಗಳ ಚಿಲ್ಲರೆ ಮಾರಾಟಕ್ಕೆ ಸಂಬಂಧಿಸಿದ್ದು ಎಂದಾಯಿತು. ವಂತಿಗೆದಾರರ ವಿಷಯದಲ್ಲಿ ಆ ಮಾರಾಟ ಎರಡು ಮೂರು ವರ್ಷದ ಹಿಂದೆಯೇ ಮುಗಿದಿರುತ್ತದೆ. ಪ್ರಕಟಣಪೂರ್ವ ಬೆಲೆ ಕೊಟ್ಟು ಪುಸ್ತಕ ಕಾಯ್ದಿರಿಸಿದವರ ಮನೆಗೆ ಹೋಗಿ, ಪುಟ ತೆರೆದಾಗಲೆಲ್ಲ ರಸೀತಿ ತೋರಿಸಿ ಎಂದು ಕೇಳುವ ಪ್ರಕಾಶಕರನ್ನು ನಾವು ಒಪ್ಪುವೆವೇ? ಇಂಥ ಬೀಗಗಳು ಸಾಚಾ ಗಿರಾಕಿಗೇ ಎಡವುಗಲ್ಲಾಗುವುದೂ ಉಂಟು. 2021ರ ನವೆಂಬರ್‌ನಲ್ಲಿ ಡೆನುವೊಗೆ ಸಂಬಂಧಿಸಿದ ಒಂದು ಡೊಮೇನ್ ಹೆಸರಿನ ಅವಧಿ ಮುಗಿದು, ಹಣ ಕೊಟ್ಟು ಕೊಂಡ ಹಲವು ಆಟಗಳು ಕೆಲವು ಗಂಟೆ ತೆರೆಯದೆ ಕೂತಿದ್ದವು.

ನಕಲು ತಡೆ ಎಂಬ ಹೆಸರೇ ಇಲ್ಲದೆ ಅದೇ ಪರಿಣಾಮ ಉಂಟಾದದ್ದಕ್ಕೆ ‘ಎಲೀಟ್: ಡೇಂಜರಸ್’ ಸ್ಪಷ್ಟ ಉದಾಹರಣೆ. ಡೇವಿಡ್ ಬ್ರೇಬನ್ ಅವರ ಫ್ರಾಂಟಿಯರ್ ಸಂಸ್ಥೆ 2012ರ ನವೆಂಬರ್‌ನಲ್ಲಿ ಆರಂಭಿಸಿದ ಅಭಿಯಾನಕ್ಕೆ 15 ಲಕ್ಷ ಪೌಂಡ್‌ಗೂ ಹೆಚ್ಚು ಹಣ ಬಂತು. ಇಂಟರ್ನೆಟ್ ಇಲ್ಲದೆಯೂ ಒಬ್ಬರೇ ಆಡಬಹುದಾದ ವಿಧಾನ ಇರುತ್ತದೆ ಎಂದು ಅಭಿಯಾನದ ವೇಳೆ ಹೇಳಲಾಗಿತ್ತು. 2014ರ ಡಿಸೆಂಬರ್ 16ರ ಬಿಡುಗಡೆಗೆ ಒಂದು ತಿಂಗಳಿದ್ದಾಗ, ಆ ವಿಧಾನವನ್ನು ಕೈಬಿಟ್ಟಿದ್ದೇವೆ ಎಂಬ ಸುದ್ದಿ ಬಂತು. ಬದಲಾಗುತ್ತಲೇ ಇರುವ ವಿಶ್ವವೊಂದನ್ನು ಸರ್ವರ್ ಇಲ್ಲದೆ ನಡೆಸಿದರೆ ಆಟ ಪೇಲವವಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ, ತಾಂತ್ರಿಕವಾಗಿ ಅದು ಸುಳ್ಳೇನೂ ಅಲ್ಲ. ಆದರೆ ವಂತಿಗೆದಾರರ ದೃಷ್ಟಿಯಿಂದ ನೋಡಿ: ಸರ್ವರ್ ಇರುವವರೆಗೆ ಮಾತ್ರ ಆಟ ಎಂಬ ಷರತ್ತು ಹಣ ಕೊಟ್ಟಾದ ಮೇಲೆ ಸೇರಿಕೊಂಡಿತು. ಅದಕ್ಕಿಂತ ಕೆಟ್ಟದ್ದು ಹಣ ವಾಪಸಿನ ಮೊದಲ ನಿಯಮ. ಆಟದ ಪರೀಕ್ಷಾ ಆವೃತ್ತಿಯನ್ನು ಆಗಲೇ ಆಡಿ ನೋಡಿದ್ದವರಿಗೆ ಮರುಪಾವತಿ ಇಲ್ಲ ಎಂದರು. ಅಂದರೆ ಹೆಚ್ಚು ಹಣ ಕೊಟ್ಟು, ಬೇಗ ಒಳಬಂದು, ದೋಷಗಳನ್ನು ಹುಡುಕಿಕೊಟ್ಟವರೇ ಹೊರಗುಳಿದರು. ಇದೇ ಆಟದ ಮೂಲ ಆವೃತ್ತಿ 1985ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರ್‌ಗೆ ಬಂದಾಗ ಲೆನ್ಸ್‌ಲಾಕ್ ಎಂಬ ಪ್ಲಾಸ್ಟಿಕ್ ಮಸೂರವನ್ನು ಟಿವಿ ಪರದೆಗೆ ಹಿಡಿದು ಗುಪ್ತಾಕ್ಷರ ಓದಬೇಕಿತ್ತು, ನೂರಾರು ಪೆಟ್ಟಿಗೆಗಳಲ್ಲಿ ತಪ್ಪು ಮಸೂರ ಹೋಗಿ ಕೊಂಡವರು ಪರದಾಡಿದ್ದರು ಎಂಬುದನ್ನು ಇಲ್ಲಿ ನೆನೆಯದಿರಲು ಆಗದು.

ಚೆನ್ನಾಗಿ ನಡೆದ ಉದಾಹರಣೆಗಳೂ ಇವೆ. 2012ರ ಫೆಬ್ರುವರಿಯಲ್ಲಿ ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆ 4 ಲಕ್ಷ ಡಾಲರ್ ಕೇಳಿ 33 ಲಕ್ಷ ಪಡೆದಾಗ, ಮೊದಲಿಗೆ ಮಾತಾಡಿದ್ದು ಸ್ಟೀಮ್ ಬಗ್ಗೆ ಮಾತ್ರ. ವಂತಿಗೆದಾರರು ಒತ್ತಾಯಿಸಿದ ಮೇಲೆ ಬೀಗವಿಲ್ಲದ ಪ್ರತಿಯೂ ಸೇರಿತು. ಅದಾಗಿ ಕೆಲವೇ ತಿಂಗಳಲ್ಲಿ ಅಬ್ಸಿಡಿಯನ್ ಸಂಸ್ಥೆ, ಮುಂದೆ ‘ಪಿಲ್ಲರ್ಸ್ ಆಫ್ ಇಟರ್ನಿಟಿ’ ಎಂದು ಹೆಸರಾದ ಆಟಕ್ಕೆ ಹಣ ಕೇಳುವಾಗ, ಪೋಲೆಂಡ್‌ನ ಜಿಒಜಿ ಅಂಗಡಿಯ ಬೀಗವಿಲ್ಲದ ಆವೃತ್ತಿಯನ್ನು ಅಭಿಯಾನದ ನಡುವೆಯೇ ಘೋಷಿಸಿತು. ಸ್ಟೀಮ್ ಬೇಕೋ ಜಿಒಜಿ ಬೇಕೋ ಎಂದು ಕೊಟ್ಟವರೇ ಆರಿಸಿಕೊಂಡರು. 11 ಲಕ್ಷ ಡಾಲರ್ ಗುರಿಯಿದ್ದ ಆ ಅಭಿಯಾನ 39 ಲಕ್ಷ ದಾಟಿತು. ಅದಕ್ಕೆ ಬೀಗವಿಲ್ಲದಿರುವುದೇ ಕಾರಣ ಎಂದು ನಾನು ಹೇಳಲಾರೆ. ಬೀಗವಿಲ್ಲವೆಂಬ ಕಾರಣಕ್ಕೆ ಹಣ ಬರದೆ ಹೋಗಲಿಲ್ಲ ಎಂದಂತೂ ಹೇಳಬಹುದು.

ಸ್ಟುಡಿಯೊಗಳ ಕಷ್ಟವನ್ನೂ ಹೇಳಬೇಕು. ಎರಡು ಅಂಗಡಿ ಎಂದರೆ ಎರಡು ಬಿಲ್ಡ್ (ಆಟದ ಸಿದ್ಧ ಪ್ರತಿ), ಎರಡು ಸಲ ಪರೀಕ್ಷೆ, ದೋಷ ತಿದ್ದುವ ಪ್ರತಿ ಪ್ಯಾಚ್‌ಗೂ ಎರಡು ಸಲ ಏರಿಸುವ ಕೆಲಸ. ಐದಾರು ಜನರ ತಂಡದಲ್ಲಿ ಈ ಹೊರೆ ಒಬ್ಬರ ಹೆಗಲಿಗೇ ಬೀಳುತ್ತದೆ, ಮತ್ತು ಬೀಗವಿಲ್ಲದ ಪ್ರತಿಯ ಪ್ಯಾಚ್ ಮೊದಲು ಒಂದು ದಿನ, ಆಮೇಲೆ ಒಂದು ವಾರ, ಕೊನೆಗೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಜೊತೆಗೂಡಿ ಆಡುವ ಆಟವಾದರೆ ಅಂಗಡಿಯ ಸರ್ವರ್ ಸೌಲಭ್ಯವನ್ನು ಬಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು, ಅದು ಅಗ್ಗವಲ್ಲ. ಹೀಗಾಗಿ ಕೊಡಲಾಗದ ಭರವಸೆಯನ್ನು ಕೊಡಬೇಡಿ ಎಂದೇ ನಾನು ಮೊದಲು ಹೇಳುತ್ತೇನೆ. ಸ್ಟೀಮ್ ಮಾತ್ರ ಎಂದು ಆರಂಭದಲ್ಲೇ ಬರೆದ ಸ್ಟುಡಿಯೊವನ್ನು ಯಾರೂ ಮೋಸಗಾರರೆನ್ನುವುದಿಲ್ಲ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಇಂಥ ಅಭಿಯಾನಕ್ಕೆ ಹಣ ಕೊಡುವವರಿಗೆ ನಮ್ಮ ಕಾನೂನಿನ ಒಂದು ವಿವರ ತಿಳಿದಿರಬೇಕು. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಒಡೆದರೆ ಎರಡು ವರ್ಷದವರೆಗೆ ಸಜೆ ಮತ್ತು ದಂಡ ಉಂಟು. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಒಡೆದರೆ ಈ ಕಲಮು ಅಡ್ಡಬರುವುದಿಲ್ಲ. ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವುದನ್ನು 52ನೇ ಕಲಮು ಒಪ್ಪುತ್ತದೆ. ಕಾಗದದ ಮೇಲೆ ಇದು ಉದಾರವಾದ ಕಾನೂನು. ಬೀಗ ಒಡೆಯುವ ಕೌಶಲ ಸಾಮಾನ್ಯ ಆಟಗಾರರಲ್ಲಿ ಇರುವುದಿಲ್ಲ, ಅವರಿಗೆ ನೆರವಾಗುವವರು ಅವರ ಹೆಸರು ವಿಳಾಸಗಳ ಪೂರ್ತಿ ದಾಖಲೆ ಇಡಬೇಕೆಂದು ಅದೇ ಕಲಮು ಹೇಳುತ್ತದೆ. ಆದ್ದರಿಂದ ಹಣ ಕೊಡುವ ಮುನ್ನವೇ ಕೇಳಿ ತಿಳಿಯುವುದು ಲೇಸು.

ಅಭಿಯಾನದ ಪುಟ ಸಿದ್ಧಪಡಿಸುವ ಸ್ಟುಡಿಯೊಗಳಿಗೆ ನಾನು ಬರೆಸುವ ಮಾತುಗಳು ಹೆಚ್ಚೇನಿಲ್ಲ. ಕೊಡುವುದು ಕೀಯೋ ಇನ್‌ಸ್ಟಾಲರೋ, ಯಾವ ಅಂಗಡಿಯದು, ಒಬ್ಬರೇ ಆಡುವಾಗ ಇಂಟರ್ನೆಟ್ ಬೇಕೇ, ಬೀಗವಿಲ್ಲದ ಪ್ರತಿಗೆ ಪ್ಯಾಚ್‌ಗಳು ಎಲ್ಲಿಯವರೆಗೆ ಬರುತ್ತವೆ, ಪ್ರಕಾಶಕರೊಬ್ಬರು ನಡುವೆ ಬಂದರೆ ಈ ಮಾತುಗಳು ಅವರನ್ನೂ ಕಟ್ಟುತ್ತವೆಯೇ. ಕೊನೆಯದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಏಕೆಂದರೆ ಹೆಚ್ಚಿನ ಭರವಸೆಗಳು ಮುರಿಯುವುದು ಅಲ್ಲಿಯೇ. ಹಣ ವಾಪಸ್ ಕೊಡುತ್ತೇವೆ ಎಂಬ ಸಾಲನ್ನು ಮಾತ್ರ ಎಲ್ಲರೂ ಧಾರಾಳವಾಗಿ ಸೇರಿಸುತ್ತಾರೆ. ಆದರೆ ವಂತಿಗೆಯ ಹಣ ಸಂಬಳ ಬಾಡಿಗೆಗಳಿಗೆ ಖರ್ಚಾಗಿ ವರ್ಷಗಳಾಗಿರುತ್ತವೆ. ಕಿಕ್‌ಸ್ಟಾರ್ಟರ್ ಈ ಕರಾರಿನ ಪಕ್ಷವಲ್ಲ. ಅದರ ನಿಯಮಗಳ ಪ್ರಕಾರ ಕರಾರು ಇರುವುದು ಹಣ ಕೇಳಿದವರಿಗೂ ಕೊಟ್ಟವರಿಗೂ ನಡುವೆ. ‘ಶೆನ್ಮ್ಯೂ 3’ರ ಮರುಪಾವತಿಗೆ ಹಣ ಒದಗಿಸಿದ್ದು ಎಪಿಕ್ ಎಂದು ಅದರ ಮುಖ್ಯಸ್ಥ ಟಿಮ್ ಸ್ವೀನಿ ಅವರೇ ತಿಳಿಸಿದ್ದರು. ಅಂಥ ಶ್ರೀಮಂತ ಅಂಗಡಿ ಹಿಂದೆ ನಿಲ್ಲದ ಸ್ಟುಡಿಯೊ ಈ ಸಾಲನ್ನು ಬರೆಯುವುದಾದರೆ, ಮರುಪಾವತಿಗೆಂದು ತೆಗೆದಿರಿಸುವ ಮೊತ್ತವನ್ನೂ ಅದು ಅಭಿಯಾನದ ಗುರಿಯೊಳಗೇ ಲೆಕ್ಕ ಹಾಕಿರಬೇಕು.